ಮುಸ್ಸಂಜೆಯ ಬಲ್ಬು

ನಮ್ಮ ಮನೆಗೆ ಕರೆಂಟು ಬರುವ ಮೊದಲೇ ನಮ್ಮ ವ್ಯಾನಿಗೆ ಕರೆಂಟು ಬಂದಿತ್ತು. ಹೀಗೆಂದರೆ ಈಗಿನ ಮಕ್ಕಳು ನಗುತ್ತಾರೆ. ನಗಲಿ. ದೊಡ್ಡೇರಿ ಕಡೆಯ ನಮ್ಮ ಹಟ್ಟಿಯಲ್ಲಿ ಕಂಬ ನೆಟ್ಟಿದ್ದರು, ತಂತಿ ಇನ್ನೂ ಬಂದಿರಲಿಲ್ಲ. ಎಂಬತ್ತರ ದಶಕದ ಮೊದಮೊದಲ ವರ್ಷಗಳು. ಬರುವ ತನಕ ಸುಮ್ಮನೆ ಯಾಕಿರಬೇಕೆಂದು ಆ ಕಂಬಕ್ಕೆ ನಾವು ಎಮ್ಮೆ ಕಟ್ಟುತ್ತಿದ್ದೆವು.

ನಮ್ಮನೆಯವರದು ಮೈಕ್ ಸೆಟ್ಟಿನ ಕಸುಬು. ಹರಾಜಿನಲ್ಲಿ ಹಿಡಿದ ಹಳೆಯ ಆಂಬುಲೆನ್ಸ್ ವ್ಯಾನು, ಅದರೊಳಗೆ ಆಂಪ್ಲಿಫಯರ್, ರೆಕಾರ್ಡ್ ಪ್ಲೇಯರ್, ನೆತ್ತಿಯ ಮೇಲೆ ಎರಡು ಹಾರ್ನು, ಹಿಂಬಾಗಿಲ ಹತ್ತಿರ ಒಂದು ಸಣ್ಣ ಜನರೇಟರು. ಮದುವೆಗಳ ಕಾಲ ಬಂತೆಂದರೆ ಇವತ್ತು ಮದಲೂರು, ನಾಳಿದ್ದು ಗೊರವನಹಳ್ಳಿ, ಆಚೆ ವಾರ ಪಾವಗಡದ ಗಡಿ. ನಡುನಡುವೆ ಮನೆಗೆ ಹೋಗಿ ಬರುವುದರಲ್ಲೇ ಸುಸ್ತು ಹೊಡೆಯುತ್ತಿತ್ತು. ಹಾಗಾಗಿ ಮದುವೆಯಾದ ಮರುವರ್ಷ ಮನೆಯನ್ನೇ ವ್ಯಾನಿಗೆ ತುಂಬಿಕೊಂಡೆವು. ರೋಗಿ ಮಲಗುವ ಹಲಗೆ ನನ್ನ ಮಂಚವಾಯಿತು, ಔಷಧಿಯ ಕಪಾಟು ಅಡುಗೆ ಸಾಮಾನಿನದಾಯಿತು.

ನಮ್ಮತ್ತೆ ಯಾರೂ ಕರೆಯದೆಯೇ ಹೊರಟರು. ಅವರು ಬೆಳೆದದ್ದು ಕುರಿಮಂದೆಯ ಜೊತೆ. ಅವರ ತಂದೆ ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ಊರೂರ ಹೊಲಗಳಲ್ಲಿ ಬೀಡು ಬಿಡುತ್ತಿದ್ದರಂತೆ. ವ್ಯಾನು ಕಂಡ ದಿನವೇ ಕರಿ ಕಂಬಳಿ ಹೆಗಲಿಗೆ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತುಬಿಟ್ಟರು.

"ಕುರಿ ಇಲ್ಲ ಅನ್ನೋದೊಂದು ಬುಟ್ರೆ ಇದೂ ಮಂದೇನೇ ಕಣಮ್ಮ" ಎಂದರು.

ಕುರಿಯ ಜಾಗದಲ್ಲಿ ನಾನಿದ್ದೇನೆ ಎಂದು ಆಗ ನನಗೆ ಅನ್ನಿಸಿದ್ದು ನಿಜ.

ವ್ಯಾನಿನಲ್ಲಿ ಎರಡು ಥರದ ಕರೆಂಟು. ಜನರೇಟರು ಓಡುವಾಗ ಮನೆಗಳಲ್ಲಿರುವಂಥ ದೊಡ್ಡ ಕರೆಂಟು. ಅದು ನಿಂತರೆ ಬ್ಯಾಟರಿಯ ಸಣ್ಣ ಕರೆಂಟು. ಅದರಲ್ಲಿ ಬಸ್ಸಿನೊಳಗೆ ಇರುವಂಥ ಒಂದು ಪುಟ್ಟ ಬಲ್ಬು ಉರಿಯುತ್ತಿತ್ತು, ತೀರಾ ಬೇಕಾದರೆ ಒಂದೆರಡು ಹಾಡು, ಅಷ್ಟೇ. ನನ್ನ ತವರಿನವರು ಹುಮ್ಮಸ್ಸಿನಲ್ಲಿ ಒಂದು ಮಿಕ್ಸಿ ಕೊಟ್ಟಿದ್ದರು. ಜನರೇಟರು ಓಡುವುದು ಮದುವೆಯ ಹಾಡಿಗೆ ಮಾತ್ರ. ಹಾಗಾಗಿ ಯಾರದೋ ಮುಹೂರ್ತದ ಹೊತ್ತಿಗೇ ನನ್ನ ಚಟ್ನಿಯೂ ಆಗಬೇಕು. ಮೊದಲ ಸಲ ಮಿಕ್ಸಿ ತಿರುಗಿಸಿದಾಗ ಏನಾಯಿತೆಂದು ನನಗೆ ಗೊತ್ತಾಗಲಿಲ್ಲ, ಚಪ್ಪರದವರಿಗೆಲ್ಲ ಗೊತ್ತಾಯಿತು. ಹಾರ್ನಿನಿಂದ ಗರ್ರ್ ಎಂಬ ಸದ್ದು. ಅದರ ಹಿಂದೆಯೇ ನಾದಸ್ವರದ ರೆಕಾರ್ಡು ಸುಸ್ತಾಗಿ, ಎಳೆದು ಎಳೆದು, ಮಲಗುವ ಹಾಗೆ ಆಯಿತು. ನಮ್ಮನೆಯವರು ಓಡಿ ಬಂದು ಪ್ಲಗ್ಗು ಕಿತ್ತರು.

"ಮಾಂಗಲ್ಯ ಕಟ್ಟೋ ಹೊತ್ತು ಕಣೇ! ಹುಡುಗ ಬೆಚ್ಚಿಬಿದ್ದ!"

"ಕೊಬ್ಬರಿ ಇನ್ನೂ ನುಣ್ಣಗಾಗಿಲ್ಲ ರೀ" ಎಂದೆ. ನನಗೂ ಕೋಪ ಬರುತ್ತದೆ.

ಆದರೆ ಆ ವ್ಯಾನಿನಲ್ಲಿ ನನಗೆ ನಿಜಕ್ಕೂ ಬೇಕಾಗಿದ್ದದ್ದು ಮಿಕ್ಸಿಯಲ್ಲ, ಓದುವ ಬೆಳಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದು ಉಳಿದುಬಿಟ್ಟಿತ್ತು. ಅದು ಪಾಸಾದರೆ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಬಹುದಿತ್ತು. ಮೇಷ್ಟರಾಗಬೇಕು ಎಂಬುದು ನನಗೆ ಚಿಕ್ಕಂದಿನಿಂದ ಹಿಡಿದ ಹುಚ್ಚು. ಎಮ್ಮೆಗಳಿಗೂ ಮಗ್ಗಿ ಹೇಳಿಕೊಟ್ಟವಳು ನಾನು. ಈ ಸಲವೂ ಹೋದರೆ ಇನ್ನು ಪರೀಕ್ಷೆಗೆ ಕಟ್ಟುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ವ್ಯಾನಿನಲ್ಲಿ ಸಿಕ್ಕ ಸಿಕ್ಕ ಹೊತ್ತಿನಲ್ಲಿ ಓದುತ್ತಿದ್ದೆ. ಪಾವಗಡದ ಕಡೆ ಒಂದು ಮದುವೆಯಲ್ಲಿ ಪಕ್ಕದಲ್ಲಿದ್ದ ಮೈಕು ಆನ್ ಆಗಿದೆ ಎಂದು ತಿಳಿಯದೆ ಪ್ರಮೇಯ ಬಾಯಿಪಾಠ ಮಾಡಿದೆ. ಲಂಬಕೋನ ತ್ರಿಭುಜದ ವಿಚಾರ ಇಡೀ ಊರಿಗೆ ಕೇಳಿಸಿತು. ಪುರೋಹಿತರು ಮಂತ್ರ ನಿಲ್ಲಿಸಿ ಹಾರ್ನಿನ ಕಡೆ ನೋಡಿದರಂತೆ. ಊಟದ ಪಂಕ್ತಿಯಲ್ಲಿ ಒಬ್ಬ ಅಜ್ಜಿ ನನ್ನ ಗಲ್ಲ ಹಿಡಿದು, "ಮೈಕ್‌ಲೋ ಪಾಠಂ ಚದಿವಿಂದಿ ನುವ್ವೇನಾ?" ಎಂದು ಕೇಳಿದರು. ಮೈಕಿನಲ್ಲಿ ಪಾಠ ಓದಿದವಳು ನಾನೇ ಎಂದು ತಲೆ ತಗ್ಗಿಸಿದೆ. ಅಜ್ಜಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಬಲ್ಬಿನ ಒಡೆತನ ಮಾತ್ರ ಅತ್ತೆಯದು. ಹಟ್ಟಿಯಲ್ಲಿ ಮುಸ್ಸಂಜೆಗೆ ಎಣ್ಣೆದೀಪ ಹಚ್ಚದೆ ಅವರು ನೀರು ಕುಡಿದವರಲ್ಲ. ವ್ಯಾನಿನಲ್ಲಿ ಪೆಟ್ರೋಲ್ ಡಬ್ಬಿ ಇರುವುದರಿಂದ ಬೆಂಕಿ ಕಡ್ಡಿ ಗೀರಬಾರದು ಎಂದು ಮಗ ಕಟ್ಟುನಿಟ್ಟು ಮಾಡಿದ್ದರು. ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಬಲ್ಬಿನ ಸ್ವಿಚ್ಚಿಗೆ ಅರಿಸಿನ ಕುಂಕುಮ ಹಚ್ಚಿದರು. ಅಲ್ಲಿಂದಾಚೆಗೆ ಹೊತ್ತು ಮುಳುಗುವಾಗ ಕೈಕಾಲು ಮುಖ ತೊಳೆದು, ಸ್ವಿಚ್ಚು ಒತ್ತಿ, ಬಲ್ಬಿಗೆ ಕೈಮುಗಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹಚ್ಚಿದ ಮೇಲೆ ಊಟ ಮುಗಿಯುವ ತನಕ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಶುಕ್ರವಾರವಾದರಂತೂ ಕೇಳುವುದೇ ಬೇಡ. ಮನೆಗೆ ಬಂದ ಲಕ್ಷ್ಮಿಯನ್ನು ಕೈಯಾರೆ ಕತ್ತಲಿಗೆ ತಳ್ಳುವುದುಂಟೇ?

"ಇರೋದು ಒಂದೇ ಬ್ಯಾಟರಿ ಕಣವ್ವ" ಎಂದು ನಮ್ಮನೆಯವರು ಗೋಗರೆಯುತ್ತಿದ್ದರು. "ದೀಪಾನೂ ಅದ್ರಲ್ಲೇ ಉರೀಬೇಕು, ಇಂಜಿನ್ನೂ ಅದ್ರಲ್ಲೇ ಏಳ್ಬೇಕು. ದೀಪ ಎಲ್ಲಾ ಕುಡುದ್ಬುಟ್ರೆ ಬೆಳಿಗ್ಗೆ ವ್ಯಾನ್ ಏಳಾಕಿಲ್ಲ."

"ನಿನ್ನ ಇಂಜಿನ್ನು ಅಷ್ಟು ಸೋಂಬೇರಿಯಾದ್ರೆ ನಾನೇನ್ ಮಾಡ್ಲಿ ಕಣ್ಲಾ?"

ಈ ಜಗಳದಲ್ಲಿ ನಾನು ಬಾಯಿ ಹಾಕುತ್ತಿರಲಿಲ್ಲ. ಬಲ್ಬು ಉರಿದಷ್ಟು ಹೊತ್ತು ನನ್ನ ಲೆಕ್ಕ ಸಾಗುತ್ತಿತ್ತಲ್ಲ!

ಪರೀಕ್ಷೆಯ ಹಿಂದಿನ ದಿನ ಮದಲೂರಿನಲ್ಲಿ ಮದುವೆ. ಅವತ್ತೇ ಶುಕ್ರವಾರ. ಜನರೇಟರಿನ ಪೆಟ್ರೋಲ್ ಖಾಲಿಯಾಗಿ, ಕೊನೆಯ ಹಾಡುಗಳನ್ನು ಬ್ಯಾಟರಿಯ ಮೇಲೆಯೇ ಹಾಕಿ ಮುಗಿಸಿದರು. ಕೆರೆ ಏರಿಯ ಕೆಳಗೆ, ಹುಣಸೆ ಮರದಡಿ ವ್ಯಾನು ನಿಲ್ಲಿಸಿದೆವು. ಬೆಳಿಗ್ಗೆ ಎದ್ದು ಶಿರಾ ದಾಟಿ ಮಧುಗಿರಿಗೆ ಹೋದರೆ ಪರೀಕ್ಷೆಗೆ ಆರಾಮಾಗಿ ಮುಟ್ಟಬಹುದಿತ್ತು. ಊಟವಾದ ಮೇಲೆ ನಮ್ಮನೆಯವರು ಚಾಪೆ ಹಿಡಿದು ಏರಿಯ ಮೇಲೆ ಗಾಳಿಗೆ ಮಲಗಲು ಹೊರಟವರು, ತಿರುಗಿ ನಿಂತು ಹೇಳಿದರು: "ಅವ್ವ, ಇವತ್ತೊಂದಿನ ದೀಪ ಬೇಗ ನಿಲ್ಸು. ಬೆಳಿಗ್ಗೆ ಇವಳ ಪರೀಕ್ಷೆ."

"ಆಯ್ತು, ನೀ ಹೋಗು" ಎಂದರು ಅತ್ತೆ. ಅಷ್ಟು ಸುಲಭಕ್ಕೆ ಒಪ್ಪಿದ್ದೇ ಅನುಮಾನ ಪಡಬೇಕಾದ ಸಂಗತಿಯಾಗಿತ್ತು. ನಾನು ತ್ರಿಭುಜಗಳನ್ನು ತಲೆಯಲ್ಲಿಟ್ಟುಕೊಂಡು ಹಲಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದೆ. ವ್ಯಾನು ಕತ್ತಲಾಯಿತು. ನಿದ್ದೆ ಬಂತು.

ಬೆಳಿಗ್ಗೆ ನಮ್ಮನೆಯವರು ಕೀಲಿ ತಿರುಗಿಸಿದರು. ಟಕ್. ಮತ್ತೆ ತಿರುಗಿಸಿದರು. ಮತ್ತೆ ಟಕ್. ಇಳಿದು, ಒಳಗೆ ಬಂದು, ಬಲ್ಬಿನ ಕಡೆ ನೋಡಿದರು. ಬಲ್ಬು ಕಾಣಲಿಲ್ಲ. ಅದಿದ್ದ ಮೂಲೆಗೆ ಅತ್ತೆಯ ಕರಿ ಕಂಬಳಿ ಪರದೆಯ ಹಾಗೆ ಇಳಿಬಿದ್ದಿತ್ತು. ಸರಿಸಿದರೆ, ಅದರ ಹಿಂದೆ ಬಲ್ಬಿನ ತಂತಿ ಬೀಡಿಯ ತುದಿಯಷ್ಟು ಕೆಂಪಗೆ ಮಿಣಕ್ ಎನ್ನುತ್ತಿತ್ತು. ನಾವು ನೋಡುತ್ತಿದ್ದ ಹಾಗೆಯೇ ಅದೂ ಹೋಯಿತು.

"ಅವ್ವಾ!" ಎಂದರು ನಮ್ಮನೆಯವರು.

ಮಂದೆಯ ಬೀಡಿನಲ್ಲಿ ಹಾಗೆಯೇ ಮಾಡುತ್ತಿದ್ದರಂತೆ. ಮಲಗುವ ಹೊತ್ತಿಗೆ ಲಾಟೀನನ್ನು ನಂದಿಸದೆ ಕಂಬಳಿ ಮರೆ ಮಾಡಿಡುವುದು. ಕುರಿಗಳಿಗೆ ಬೆಳಕಿನ ಕಾಟವಿಲ್ಲ, ದೀಪವೂ ಉಳಿಯಿತು. ಬೆಳಕು ಹೊರಗೆ ಬಾರದಿದ್ದರೆ ಬ್ಯಾಟರಿಗೂ ಖರ್ಚಿಲ್ಲ ಎಂದು ಅತ್ತೆಯ ಲೆಕ್ಕ.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಶಿರಾ ಕಡೆಯ ಮೊದಲ ಬಸ್ಸು ಆಗಲೇ ಹೋಗಿತ್ತು, ಮುಂದಿನದಕ್ಕೆ ಕಾದರೆ ಪರೀಕ್ಷೆ ತಪ್ಪುತ್ತಿತ್ತು. "ನಿಮ್ಮ ದೀಪ ಉಳೀತು ಅತ್ತೆ, ನನ್ನ ಪರೀಕ್ಷೆ ಹೋಯ್ತು" ಎಂದು ಅಳುತ್ತಲೇ ಕೂಗಿದೆ. ಅತ್ತೆಯೆದುರು ನಾನು ದನಿ ಎತ್ತಿದ್ದು ಅದೇ ಮೊದಲು.

ಅತ್ತೆ ಜಗಳಕ್ಕೆ ನಿಲ್ಲಲಿಲ್ಲ. ಮುಖ ಸಣ್ಣದಾಗಿತ್ತು.

"ನಿನ್ನ ಪರೀಕ್ಷೆ ಅಂತಲೇ ಮಡಗಿದ್ದು ಕಣಮ್ಮ" ಎಂದರು. "ಬೆಳಿಗ್ಗೆ ನೀನು ಅಷ್ಟು ದೊಡ್ಡ ಕೆಲ್ಸಕ್ಕೆ ಹೋಗುವಾಗ, ರಾತ್ರಿ ನನ್ನ ಕೈಯಾರೆ ದೀಪ ಹೆಂಗೆ ನಿಲ್ಸ್ಲಿ?"

ಕೋಪ ಇನ್ನೂ ಇತ್ತು. ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಹೋಯಿತು.

ಅಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆರೆಯಂಗಳದ ಕಡೆ ನಡೆದಿದ್ದರು. ಅಲ್ಲೊಂದು ಕುರಿಮಂದೆ ಬೀಡು ಬಿಟ್ಟಿತ್ತು. ದೂರದಿಂದಲೇ ನಾಲಿಗೆ ಮಡಚಿ ಒಂದು ಕೂಗು ಹಾಕಿದರು. ಅಂಥ ದನಿ ನಮ್ಮ ಹಾರ್ನಿನಿಂದಲೂ ಬಂದಿರಲಿಲ್ಲ. ಮಂದೆಯವರು ಕೋಲು ಹಿಡಿದೇ ಓಡಿ ಬಂದರು. ಕುರಿಗೆ ತೋಳ ಬಿತ್ತೆಂದು ತಿಳಿದರಂತೆ. ಕೂಗು ಕೇಳಿ ಮದುವೆ ಮನೆಯವರೂ ಬಂದರು. ಅವರ ಹಿಂದೆ, ಮರುದಿನದ ಶಾಸ್ತ್ರಕ್ಕೆ ಸಿದ್ಧನಾಗಿದ್ದ ಅರಿಸಿನದ ಪಂಚೆಯ ಮದುಮಗನೂ ಬಂದ.

"ಇವಳು ಮಧುಗಿರೀಲಿ ಪರೀಕ್ಷೆ ಬರೀಬೇಕು, ಗಾಡಿ ಏಳ್ತಿಲ್ಲ, ತಳ್ರಪ್ಪ" ಎಂದರು ಅತ್ತೆ.

ವ್ಯಾನನ್ನು ಏರಿಯ ಮೇಲಿನ ದಾರಿಗೆ ಹತ್ತಿಸಿದರೆ ಅದರ ಆಚೆ ತುದಿಯಲ್ಲಿ ಇಳಿಜಾರು. ಅಲ್ಲಿ ಉರುಳಿಬಿಟ್ಟರೆ ಇಂಜಿನ್ನು ಏಳುತ್ತದೆ. ಆದರೆ ಜನರೇಟರು, ಹಾರ್ನು, ನನ್ನ ಮಿಕ್ಸಿ, ಎಲ್ಲದರ ಭಾರ. ಮೊದಲ ಸಲ ಅರ್ಧ ಏರಿ ಹಿಂದಕ್ಕೆ ಜಾರಿತು. ಅತ್ತೆ ಚಕ್ರದ ಹಿಂದೆ ಕಲ್ಲು ಕೊಟ್ಟು, ತಾವೇ ಬೆನ್ನು ಕೊಟ್ಟು ನಿಂತರು. ನಾನೂ ಪುಸ್ತಕ ಒಳಗೆಸೆದು ಅವರ ಪಕ್ಕದಲ್ಲಿ ಭುಜ ಕೊಟ್ಟೆ. "ಐಸಾ!" ಎಂದು ಮಂದೆಯವರು ದನಿ ತೆಗೆದರು. ಮದುಮಗನ ಬಾಸಿಂಗ ಹಣೆಯ ಮೇಲಿಂದ ಕಿವಿಗೆ ಇಳಿದಿತ್ತು, ಆದರೂ ಅವನು ಕೈ ಬಿಡಲಿಲ್ಲ. ವ್ಯಾನು ಏರಿ ಹತ್ತಿತು. ಆಚೆ ಇಳಿಜಾರಿನಲ್ಲಿ ಕೆಮ್ಮಿ, ಕರಿ ಹೊಗೆ ಉಗುಳಿ, ಕೊನೆಗೂ ಎದ್ದಿತು. ನಿಲ್ಲಿಸುವ ಧೈರ್ಯವಿಲ್ಲದೆ ನಮ್ಮನೆಯವರು ನಿಧಾನಕ್ಕೆ ಓಡಿಸುತ್ತಲೇ ಇದ್ದರು. ನಾನೂ ಅತ್ತೆಯೂ ಓಡಿ ಹತ್ತಿಕೊಂಡೆವು.

ಮಧುಗಿರಿ ಶಾಲೆಯ ಗಂಟೆ ಬಾರಿಸುತ್ತಿದ್ದಾಗ ಒಳಗೆ ಹೋಗಿ ಕೂತೆ. ಕೈಗೆ ಇನ್ನೂ ವ್ಯಾನಿನ ಧೂಳು ಮೆತ್ತಿತ್ತು. ಪ್ರಶ್ನೆಪತ್ರಿಕೆ ನೋಡಿದರೆ ಒಂದೂ ನೆನಪಾಗಲೊಲ್ಲದು. ಆಗ ಕಿಟಕಿಯಾಚೆ ನಮ್ಮ ವ್ಯಾನಿನ ಸದ್ದು ಕೇಳಿಸಿತು. ಇಂಜಿನ್ನು ಆರಿಸಿದರೆ ಮತ್ತೆ ಏಳದೇನೋ ಎಂಬ ಹೆದರಿಕೆಗೆ ಅದನ್ನು ಹಾಗೆಯೇ ಓಡಿಸಿಕೊಂಡು ಬೇಲಿಯ ಪಕ್ಕ ನಿಂತಿದ್ದರು. ಮೇಲ್ವಿಚಾರಕರು ಸಿಡಿಮಿಡಿಗೊಂಡು ಕಿಟಕಿಯಿಂದ ತಲೆ ಹಾಕಿ, "ಯಾರ್ರೀ ಅದು, ನಿಲ್ಲಿಸ್ರೀ" ಎಂದರು.

"ನಿಲ್ಸಿದ್ರೆ ಮತ್ತೆ ಏಳಾಕಿಲ್ಲ ಸ್ವಾಮಿ" ಎಂದು ಅತ್ತೆಯ ದನಿ ಬಂತು. "ಒಳ್ಗೆ ನನ್ನ ಸೊಸೆ ಬರೀತಾವ್ಳೆ."

ಕೋಣೆಯೆಲ್ಲ ನಕ್ಕಿತು. ಮೇಲ್ವಿಚಾರಕರೂ ನಕ್ಕು, ಸ್ವಲ್ಪ ದೂರ ಹೋಗಿ ಎಂದು ಕೈ ಮಾಡಿದರು. ನನಗೂ ನಗು ಬಂತು, ನಗುವಿನ ಜೊತೆ ಮೊದಲ ಪ್ರಮೇಯವೂ ಬಂತು. ಆಮೇಲೆ ತಲೆ ಎತ್ತಲಿಲ್ಲ. ಸದ್ದು ದೂರದಿಂದ ಕೇಳುತ್ತಲೇ ಇತ್ತು. ಅದು ಕೇಳುತ್ತಿದೆ ಎನ್ನುವುದೇ ನನಗೊಂದು ಧೈರ್ಯವಾಗಿತ್ತು.

ಫಲಿತಾಂಶ ಬಂದ ದಿನ ನಾವು ಗೊರವನಹಳ್ಳಿಯಲ್ಲಿ, ಲಕ್ಷ್ಮಿಯ ಗುಡಿಯ ಹತ್ತಿರ ಇದ್ದೆವು. ಬಸ್ಸಿನಲ್ಲಿ ಬಂದ ಭಕ್ತರೊಬ್ಬರ ಕೈಲಿದ್ದ ಪತ್ರಿಕೆಯಲ್ಲಿ ನನ್ನ ನಂಬರು ಇತ್ತು. ನಂಬದೆ ನಮ್ಮನೆಯವರಿಂದ ಓದಿಸಿದೆ, ಆಮೇಲೆ ಪತ್ರಿಕೆ ಕೊಟ್ಟವರಿಂದಲೂ ಓದಿಸಿದೆ. ಟ್ರೈನಿಂಗಿನ ಅರ್ಜಿಗೆ ಮರುದಿನ ಬೆಳಿಗ್ಗೆಯೇ ಮಧುಗಿರಿಯ ಶಾಲೆಗೆ ಹೋಗಬೇಕು ಎಂದಾಯಿತು. ಅತ್ತೆ ಗುಡಿಗೆ ಹೋದರು, ತುಂಬಾ ಹೊತ್ತು ಬರಲಿಲ್ಲ.

ಅವತ್ತೂ ಶುಕ್ರವಾರ. ಮುಸ್ಸಂಜೆಗೆ ಅತ್ತೆ ಎಂದಿನ ಹಾಗೆ ಮುಖ ತೊಳೆದು ಬಂದು ಸ್ವಿಚ್ಚು ಒತ್ತಿದರು, ಕೈಮುಗಿದರು, ಕಣ್ಣಿಗೊತ್ತಿಕೊಂಡರು. ಆಮೇಲೆ ಅದೇ ಕೈಯಿಂದ ಸ್ವಿಚ್ಚನ್ನು ಮತ್ತೆ ಒತ್ತಿ ಬಲ್ಬು ನಿಲ್ಲಿಸಿಬಿಟ್ಟರು.

ನಾನೂ ನಮ್ಮನೆಯವರೂ ಮುಖ ಮುಖ ನೋಡಿಕೊಂಡೆವು. "ಅತ್ತೆ, ಶುಕ್ರವಾರ!" ಎಂದೆ.

"ಗುಡೀಲಿ ಯೋಳ್ಬುಟ್ಟು ಬಂದಿವ್ನಿ" ಎಂದರು ಅತ್ತೆ. "ನಾಳೆ ನಮ್ಮುಡುಗಿ ಹೋಗ್ಬೇಕು, ವ್ಯಾನ್ ಏಳ್ಬೇಕು, ಇವತ್ತೊಂದಿನ ಕತ್ಲಲ್ಲೇ ಬಂದೋಗವ್ವ ಅಂದೆ."

ಕತ್ತಲಲ್ಲಿ ತಡಕಾಡಿ ಅವರ ಕೈ ಹಿಡಿದುಕೊಂಡೆ. ಯಾರ ತಟ್ಟೆ ಯಾರದೆಂದು ತಿಳಿಯದೆ ಊಟ ಮಾಡಿದೆವು. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ವ್ಯಾನು ಎದ್ದಿತು.