ತರಿ ಹಿಟ್ಟಿನ ಕಾದಂಬರಿಗಳು

ಮೊನ್ನೆ ನಾನು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ಮೊಮ್ಮಗಳು ದೀಪಾ ಬಂದು ತನ್ನ ಫೋನನ್ನು ಪಕ್ಕಕ್ಕಿಟ್ಟು ಒಂದು ಕಾದಂಬರಿ ಹಚ್ಚಿದಳು. ಅದರೊಳಗಿಂದ ಒಬ್ಬ ಹೆಂಗಸು ಓದತೊಡಗಿದಳು. ಚೆನ್ನಾಗಿಯೇ ಓದುತ್ತಾಳೆ. ಆದರೆ ಕೆಮ್ಮುವುದಿಲ್ಲ, ಎಂಜಲು ಹಚ್ಚಿ ಹಾಳೆ ತಿರುವುವ ಸದ್ದಿಲ್ಲ, ಯಾರಾದರೂ ಬಂದರೇನೋ ಎಂದು ನಡುವೆ ನಿಲ್ಲಿಸುವುದೂ ಇಲ್ಲ. ಇದರಲ್ಲಿ ಬೇಕಾದಷ್ಟು ಪುಸ್ತಕ ಅವೆ, ನಿನಗೆ ಎಂಥಾದ್ದು ಬೇಕು ಹೇಳು ಅಂದಳು ದೀಪಾ. ಹಿಟ್ಟು ತರಿಯಾಗುವಂಥದ್ದು ಹಾಕು ಅಂದೆ. ಅವಳಿಗೆ ತಿಳಿಯಲಿಲ್ಲ. ಬೀಸುವ ಕಲ್ಲಿನ ಸದ್ದು ಕೇಳಿ ಬೆಳೆದವರು ನೀವಾದರೆ ನಿಮಗೆ ಅರ್ಧ ತಿಳಿದೀತು. ಉಳಿದರ್ಧ ಹೇಳುತ್ತೇನೆ.

ನಮ್ಮ ಮನೆ ನಿಟ್ಟುವಳ್ಳಿಯಲ್ಲಿತ್ತು. ಆಗ ಅದು ಇನ್ನೂ ಹಳ್ಳಿ, ದಾವಣಗೆರೆಗೂ ಅದಕ್ಕೂ ನಡುವೆ ಜೋಳದ ಹೊಲಗಳಿದ್ದವು. ಪೇಟೆಯಲ್ಲಿ ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಗಿತ್ತು, ಆದರೆ ನಮ್ಮಜ್ಜ ಗಿರಣಿ ಹಿಟ್ಟಿನ ರೊಟ್ಟಿ ಮುಟ್ಟುತ್ತಿರಲಿಲ್ಲ. ಅದಕ್ಕೆ ಸುಟ್ಟ ವಾಸನೆ ಅನ್ನುತ್ತಿದ್ದ. ಹಾಗಾಗಿ ಮಧ್ಯಾಹ್ನ ಉಂಡ ಮೇಲೆ ಅವನು ಪಡಸಾಲೆಯಲ್ಲಿ ಕಂಬಳಿ ಹಾಸಿ ಮಲಗಿದರೆ, ಒಳಕೋಣೆಯಲ್ಲಿ ನಮ್ಮವ್ವ ಮತ್ತು ಪಕ್ಕದ ಮನೆಯ ಗೌರಕ್ಕ ಎದುರುಬದುರು ಕಾಲು ಚಾಚಿ ಕೂತು ಕಲ್ಲು ತಿರುವುತ್ತಿದ್ದರು. ಕಲ್ಲಿನ ಬಾಯಿಗೆ ಹಿಡಿಹಿಡಿ ಜೋಳ ಹಾಕುವ ಕೆಲಸ ನನ್ನದು. ಎರಡನೇ ಇಯತ್ತೆಗೆ ನನ್ನನ್ನು ಶಾಲೆ ಬಿಡಿಸಿದ್ದೇ ಇಂಥ ಕೆಲಸಗಳಿಗೆ. ಬೆರಳು ಸಿಕ್ಕೀತೆಂದು ನನಗೆ ಭಯ. ಅದಕ್ಕಿಂತ ದೊಡ್ಡ ಭಯ ಕಲ್ಲು ನಿಂತೀತೆಂದು. ಕಲ್ಲು ತಿರುಗುವವರೆಗೆ ಅಜ್ಜ ಗೊರಕೆ ಹೊಡೆಯುತ್ತಿದ್ದ. ಕಲ್ಲು ನಿಂತರೆ ಎದ್ದುಬಿಡುತ್ತಿದ್ದ. ತೊಟ್ಟಿಲು ನಿಂತರೆ ಕೂಸು ಏಳುವುದಿಲ್ಲವೇ, ಹಾಗೆ.

ಚಿಕ್ಕಪ್ಪನ ಹೆಂಡತಿ ನೀಲಮ್ಮ, ನನ್ನ ಚಿಗವ್ವ, ಹರಿಹರದವಳು. ಹೊಳೆದಂಡೆಯ ಮನೆ, ಓದು ಬಲ್ಲವಳು. ಬಂದ ವರ್ಷವೇ ಅವಳ ಹಾಸಿಗೆಯ ಕೆಳಗೆ ಒಂದು ಕಾದಂಬರಿ ಅಜ್ಜನಿಗೆ ಸಿಕ್ಕಿತ್ತು. ಅವನು ಅದನ್ನು ಒಲೆಗೆ ಹಾಕಿ ಇಷ್ಟೇ ಅಂದಿದ್ದ: "ಇನ್ನೊಂದು ಸಲ ಕಂಡ್ರ ಪುಸ್ತಕ ಅಷ್ಟ ಅಲ್ಲ, ನೀನೂ ಈ ಮನ್ಯಾಗ ಇರೋದಿಲ್ಲ. ಹರಿಹರದ ದಾರಿ ನನಗ ಗೊತ್ತೈತೆ." ಅಜ್ಜ ಕೂಗುವ ಮನುಷ್ಯನಲ್ಲ. ಕೂಗುವವರಿಗೆ ಯಾರು ಹೆದರುತ್ತಾರೆ? ಅವನು ಮೆಲ್ಲಗೆ ಹೇಳಿದ್ದನ್ನು ಮಾಡುತ್ತಿದ್ದ, ಅದಕ್ಕೇ ನಾವು ಹೆದರುತ್ತಿದ್ದೆವು. ಹರಿಹರಕ್ಕೆ ರೈಲು ಹತ್ತಿದರೆ ಒಂದು ಪೊಟ್ಟಣ ಕಡಲೆ ತಿನ್ನುವುದರಲ್ಲಿ ಊರು ಬರುತ್ತದೆ. ಆದರೆ ಮಾವ ಕಳಿಸಿದ ಸೊಸೆಗೆ ಆ ಊರಿಂದ ತಿರುಗಿ ಬರುವ ರೈಲು ಇರುವುದಿಲ್ಲ.

ಆದರೂ ಚಿಗವ್ವ ಓದುವುದು ಬಿಡಲಿಲ್ಲ. ಅವಳ ತಮ್ಮ ಸಂತೆಗೆ ಬಂದಾಗ ವೀಳ್ಯದೆಲೆ ಪೆಂಡಿಯ ಕೆಳಗೆ ಪುಸ್ತಕ ತಂದುಕೊಡುತ್ತಿದ್ದ. ಚಿಗವ್ವ ಅದನ್ನು ಮೊರದಲ್ಲಿಟ್ಟು ಸುತ್ತಲೂ ಜೋಳ ಹರಡಿ, ಕಲ್ಲು ಆರಿಸುವವಳ ಹಾಗೆ ತಲೆ ಬಗ್ಗಿಸಿ ಓದುತ್ತಿದ್ದಳು. ಅದೂ ಬೀಸುವ ಪದದ ಧಾಟಿಯಲ್ಲಿ. ಕಾಗದ ಬರೆದವಳ ಕಣ್ಣೀರು, ಬಸ್ಸು ತಪ್ಪಿದವನ ಪಾಡು, ಡಾಕ್ಟರ ಮಾತು, ಎಲ್ಲದರ ಕೊನೆಯನ್ನೂ ಎಳೆದು ಎಳೆದು ಹಾಡುತ್ತಿದ್ದಳು. ಪಡಸಾಲೆಗೆ ಕೇಳಿದರೆ ಹೆಂಗಸರು ಹಾಡು ಹೇಳಿಕೊಂಡು ಬೀಸುತ್ತಿದ್ದಾರೆ ಅನ್ನಬೇಕು. ಅಜ್ಜನಿಗೆ ಬೀಸುವ ಪದ ಇಷ್ಟ.

ಪುಸ್ತಕ ಹೇಗಿತ್ತೆಂದು ಓಣಿಯವರಿಗೆ ನಾವು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕಥೆ ಸಪ್ಪೆಯಾದರೆ ನಮ್ಮ ಗಮನವೆಲ್ಲ ಕಲ್ಲಿನ ಮೇಲೆ, ಹಿಟ್ಟು ನುಣ್ಣಗೆ ಗಂಧದ ಹಾಗೆ ಬೀಳುತ್ತಿತ್ತು. ಕಥೆ ಬಿಗಿಯಾದರೆ ನಾನು ಮುಷ್ಟಿ ತುಂಬ ಸುರಿಯುತ್ತಿದ್ದೆ, ಅವರು ಹೇಗೆಂದರೆ ಹಾಗೆ ತಿರುವುತ್ತಿದ್ದರು, ಹಿಟ್ಟು ತರಿತರಿ. ಬಡಿಯುವಾಗಲೇ ರೊಟ್ಟಿಯ ಅಂಚು ಬಿರಿಯುತ್ತಿತ್ತು. ಪಲ್ಯದ ಜೊತೆ ಒಂದೊಂದು ರೊಟ್ಟಿ ಆ ಮನೆಗೂ ಈ ಮನೆಗೂ ಹೋಗುವುದು ವಾಡಿಕೆ. ಎದುರುಮನೆಯವರು ಅಂಚು ಮುರಿದು ನೋಡಿ, ಇದು ಮುಗಿದ ಮೇಲೆ ನಮ್ಮ ಕಡೆ ಕಳಿಸ್ರವ್ವ ಅನ್ನುತ್ತಿದ್ದರು. ರೊಟ್ಟಿ ನುಣುಪಾಗಿದ್ದರೆ ಪುಸ್ತಕವನ್ನು ಯಾರೂ ಕೇಳುತ್ತಿರಲಿಲ್ಲ. ಗೌರಕ್ಕನ ಮಾತೊಂದಿತ್ತು: "ಚೊಲೋ ರೊಟ್ಟಿ ತಿನ್ನಬೇಕಂದ್ರ ಕೆಟ್ಟ ಕಾದಂಬರಿ ಓದಬೇಕು ನೋಡು."

ಆ ಕೊನೆಯ ಪುಸ್ತಕ ಬಂದದ್ದು ಬೇಸಿಗೆಯಲ್ಲಿ. ಒಬ್ಬಳೇ ಓದಬೇಡ ಎಂದು ಹರಿಹರದ ಗೆಳತಿ ಹೇಳಿ ಕಳಿಸಿದ್ದಳಂತೆ. ಅದರಲ್ಲಿ ಹೊಸ ಮದುಮಗಳು ಗಂಡನ ಮನೆಗೆ ಬರುತ್ತಾಳೆ. ಅಲ್ಲೊಂದು ಬೀಗ ಹಾಕಿದ ಕೋಣೆ. ದಿನಾ ಬೆಳಗ್ಗೆ ಅದರೊಳಗಿಂದ ಬೀಸುವ ಸದ್ದು. ಅತ್ತೆಯನ್ನು ಕೇಳಿದರೆ ಈ ಮನೆಯಲ್ಲಿ ಬೀಸುವ ಕಲ್ಲೇ ಇಲ್ಲ ಅನ್ನುತ್ತಾಳೆ. ನಮ್ಮ ಕಲ್ಲು ಗರಗರ ತಿರುಗುತ್ತಿದೆ, ಆ ಕಲ್ಲಿನ ಕಥೆ ಚಿಗವ್ವನ ಬಾಯಲ್ಲಿ. ನನ್ನ ಬೆನ್ನಿಗೆ ಗೋಡೆಯಿದ್ದರೂ ಬೆನ್ನು ತಣ್ಣಗಾಗುತ್ತಿತ್ತು. ಮೂಲೆಯಲ್ಲಿ ಜೋಳ ತುಂಬಿಡುವ ಮಣ್ಣಿನ ವಾಡೆ, ಅದರಾಚೆ ಕತ್ತಲೆ. ಆ ಕಡೆ ನೋಡಬಾರದೆಂದು ಚಿಗವ್ವನ ತುಟಿಯನ್ನೇ ನೋಡುತ್ತಿದ್ದೆ. ಮದುಮಗಳು ಒಂದು ದಿನ ಆ ಬಾಗಿಲ ಹತ್ತಿರ ಹೋಗುತ್ತಾಳೆ. ಸಂದಿಯಿಂದ ಬೆಳ್ಳಗೆ ಹಿಟ್ಟು ಹೊರಗೆ ಬಂದಿದೆ. ಬಗ್ಗಿ ಮುಟ್ಟುತ್ತಾಳೆ. ಇಲ್ಲಿ ಚಿಗವ್ವ ಧಾಟಿ ಮರೆತಳು. ಹಾಡುವುದು ಬಿಟ್ಟು, ಬರೀ ಮಾತಿನಲ್ಲಿ ಓದಿದಳು: "ಹಿಟ್ಟು ಇನ್ನೂ ಬಿಸಿಯಾಗಿತ್ತು."

ನನ್ನ ಎಡಗೈ ಕಲ್ಲಿನಂಚಿನ ಹಿಟ್ಟಿನ ಮೇಲಿತ್ತು. ಆಗಷ್ಟೇ ಬಿದ್ದ ಹಿಟ್ಟು. ಅದೂ ಬಿಸಿಯಾಗಿತ್ತು.

ಕಲ್ಲು ನಿಂತಿತು. ಅವ್ವನ ಕೈಯೂ ಗೌರಕ್ಕನ ಕೈಯೂ ಗೂಟದ ಮೇಲೇ ಇದ್ದವು, ತಿರುಗುತ್ತಿರಲಿಲ್ಲ. ಎಷ್ಟು ಹೊತ್ತೋ ಕಾಣೆ. ಪಡಸಾಲೆಯಲ್ಲಿ ಗೊರಕೆಯೂ ನಿಂತಿದ್ದು ನನಗೆ ಆಮೇಲೆ ತಿಳಿಯಿತು. ತಲೆ ಎತ್ತಿದರೆ ಅಜ್ಜ ಬಾಗಿಲಲ್ಲಿ ನಿಂತಿದ್ದ.

"ಕಲ್ಲು ಯಾಕ ನಿಂತೈತೆ?"

"ಜೋಳ ತೀರೈತ್ರಿ ಮಾವ," ಅಂದಳು ಅವ್ವ. ನನ್ನ ಬಲಗೈ ಮುಷ್ಟಿಯಲ್ಲಿ ಜೋಳವಿತ್ತು. ಬೆರಳ ಸಂದಿಯಿಂದ ಕಾಳು ಒಂದೊಂದೇ ಕಲ್ಲಿನ ಮೇಲೆ ಬಿದ್ದವು. ಅಜ್ಜ ಕಾಳು ನೋಡಿದ, ತುಂಬಿದ ಬುಟ್ಟಿ ನೋಡಿದ, ಆಮೇಲೆ ಚಿಗವ್ವನ ಮೊರ ನೋಡಿದ. ಬಗ್ಗಿ ಪುಸ್ತಕ ಎತ್ತಿ ಜೋಳ ಕೊಡವಿದ. ಆ ಹೊತ್ತಿನಲ್ಲಿ ಒಲೆ ಆರಿತ್ತು. ತಾನೇ ಕಡ್ಡಿ ಗೀರಿ ಹಚ್ಚಿದ. ಹೊತ್ತಿಕೊಂಡಿತೆಂದು ಗೊತ್ತಾದ ಮೇಲೆ ಬಂದು, ನಾಳೆ ಬೆಳಗಿನ ರೈಲು ಎಂದು ಚಿಗವ್ವನಿಗೆ ಹೇಳಿದ. ಅವ್ವನಿಗೆ, ಬೀಸ್ರಿ ಅಂದ. ಹೋಗಿ ಮಲಗಿದ. ಅಡುಗೆಮನೆಯಲ್ಲಿ ಪುಸ್ತಕ ಉರಿಯುತ್ತಿತ್ತು, ಅವನ ನಿದ್ದೆ ಮುಗಿಯುವವರೆಗೆ ನಾವು ಬೀಸಿದೆವು.

ಬೆಳಗ್ಗೆ ಚಿಕ್ಕಪ್ಪ ಯಾರ ಮುಖವನ್ನೂ ನೋಡದೆ ಹೆಂಡತಿಯ ಟ್ರಂಕು ಹೊತ್ತುಕೊಂಡ. ಚಿಗವ್ವನ ಸೆರಗು ಹಿಡಿದು, ಆ ಕೋಣೆಯೊಳಗೆ ಯಾರಿದ್ದರು ಎಂದು ಕೇಳಿದೆ. ಮಕ್ಕಳಿಗೆ ಬುದ್ಧಿ ಎಲ್ಲಿರುತ್ತದೆ.

"ನನಗೂ ಗೊತ್ತಿಲ್ಲವ್ವ," ಅಂದಳು. "ನಿಮ್ಮ ಕೂಡ ಓದೋಣಂತ ಮುಂದಿನ ಹಾಳಿ ತಿರುವಿ ನೋಡಿದ್ದಿಲ್ಲ."

ಆಮೇಲೆ ಮನೆಯಲ್ಲಿ ನುಣ್ಣನೆ ಹಿಟ್ಟು. ಅಂಚು ಬಿರಿಯದ, ಚಂದ್ರನಂಥ ರೊಟ್ಟಿ. ಕೆಲವು ದಿನ ತಿಂದ ಅಜ್ಜ ಒಂದು ಮಧ್ಯಾಹ್ನ ಗಂಗಾಳ ದೂಡಿ, ಇದು ಗಿರಣಿ ಹಿಟ್ಟು ಅಂದ. ಅವ್ವ ಅವನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಕಲ್ಲಿಂದ ಐತ್ರಿ ಮಾವ. ತರಿ ಬೇಕಂದ್ರ ಹರಿಹರಕ್ಕ ಹೋಗಿ ನೀಲವ್ವನ್ನ ಕರಕೊಂಡು ಬರ್ರಿ." ನಾನು ಕಂಬದ ಹಿಂದೆ ಸರಿದೆ. ಈಗ ಅವ್ವನಿಗೂ ರೈಲು ಎಂದುಕೊಂಡೆ. ಅವಳ ತವರು ಎಲ್ಲಿದೆ, ನನ್ನನ್ನು ಕರೆದೊಯ್ಯುತ್ತಾಳೋ ಬಿಟ್ಟು ಹೋಗುತ್ತಾಳೋ ಎಂದೆಲ್ಲ ಯೋಚನೆ ಬಂತು. ಅಜ್ಜ ಕೈ ತೊಳೆದು ಎದ್ದ. ಮರುದಿನ ಆಳಿನ ತಲೆಯ ಮೇಲೆ ಜೋಳದ ಚೀಲ ಹೊರಿಸಿ ಪೇಟೆಯ ಗಿರಣಿಗೆ ಕಳಿಸಿದ. ಸಾಯುವವರೆಗೆ ಆ ಹಿಟ್ಟನ್ನೇ ತಿಂದ, ಸುಟ್ಟ ವಾಸನೆಯ ಸುದ್ದಿ ಎತ್ತಲಿಲ್ಲ. ಬೀಸುವ ಕಲ್ಲು ಬಚ್ಚಲ ಮುಂದೆ ಹಿಮ್ಮಡಿ ತಿಕ್ಕುವ ಕಲ್ಲಾಯಿತು.

ಚಿಕ್ಕಪ್ಪನಿಗೆ ಧೈರ್ಯ ಬರಲು ಒಂದು ವರ್ಷ ಹಿಡಿಯಿತು. ಪೇಟೆಯಲ್ಲಿ ಬಾಡಿಗೆ ಕೋಣೆ ಮಾಡಿ ಹೆಂಡತಿಯನ್ನು ಕರೆತಂದ. ಹಬ್ಬಕ್ಕೆ ಚಿಗವ್ವ ನಮ್ಮ ಮನೆಗೆ ಬಂದಾಗ ಗೌರಕ್ಕ ಸೆರಗಿನಲ್ಲಿ ಒಂದು ಪುಸ್ತಕ ತಂದಳು. ಅಜ್ಜ ಹೊಲಕ್ಕೆ ಹೋಗಿದ್ದ, ಮನೆಯಲ್ಲಿ ಗಂಡಸರಿರಲಿಲ್ಲ. ಚಿಗವ್ವ ಪುಸ್ತಕ ಬಿಚ್ಚಿದಳು, ಗಂಟಲು ಸರಿಮಾಡಿಕೊಂಡಳು, ಪಡಸಾಲೆಯ ಕಡೆ ನೋಡಿದಳು. ಮುಚ್ಚಿ ತಿರುಗಿ ಕೊಟ್ಟಳು. "ಕಲ್ಲಿನ ಸದ್ದಿಲ್ಲದ ಆಗೋದಿಲ್ಲ ಅಕ್ಕ." ತನ್ನ ಕೋಣೆಯಲ್ಲಿ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳಂತೆ. ಅವಳ ಓದಿನ ದನಿ ನಾನು ಮತ್ತೆ ಕೇಳಲಿಲ್ಲ.

ಈಗ ಅವ್ವ ಇಲ್ಲ, ಗೌರಕ್ಕ ಇಲ್ಲ, ಚಿಗವ್ವನೂ ಹೋದಳು. ಮನೆ ಇದ್ದ ಜಾಗದಲ್ಲಿ ಬೈಕ್ ರಿಪೇರಿ ಮಾಡುತ್ತಾರೆ. ಆ ಪುಸ್ತಕದ ಕೋಣೆಯೊಳಗೆ ಬೀಸುತ್ತಿದ್ದವರು ಯಾರೆಂದು ತಿಳಿಯದೆಯೇ ಅವರೆಲ್ಲ ಸತ್ತರು. ಪುಸ್ತಕದ ಹೆಸರು ಹೇಳು ಹುಡುಕಿಕೊಡುತ್ತೇನೆ ಎಂದು ದೀಪಾ ಕೇಳಿದಳು. ಹೆಸರು ಯಾರಿಗೆ ಗೊತ್ತು, ರಟ್ಟಿಗೆ ಹಳೇ ಪೇಪರು ಹಚ್ಚಿತ್ತು. ಸಿಗದಿದ್ದರೆ ಹೋಗಲಿ ಎಂದು ಅವಳು ಬೇರೊಂದು ಹೆದರಿಕೆಯ ಕಥೆ ಹಚ್ಚಿದಳು. ನಾನು ಅಕ್ಕಿ ಆರಿಸುತ್ತಿದ್ದೆ. ಫೋನಿನ ಹೆಂಗಸು ಓದುತ್ತ ಹೋದಳು. ಕಥೆಯಲ್ಲಿ ಯಾರೋ ಮೆಟ್ಟಿಲು ಹತ್ತುತ್ತಿದ್ದರು.

"ಅಜ್ಜಿ, ಕೈ ಯಾಕ ನಿಂತೈತೆ?" ಅಂದಳು ದೀಪಾ. "ಚೊಲೋ ಐತೇನು?"

ಚೊಲೋ ಐತೆ ಅಂದೆ. ಅನ್ನುವ ಮೊದಲು ಬಾಗಿಲ ಕಡೆ ನೋಡಿದೆ.