ಕಾರ್ಗಿಲ್‌ನಿಂದ ಲೇಹ್‌ಗೆ ಅರ್ಧ ಗಂಟೆ

ಯಾವ ಊರಿನಿಂದ ಯಾವ ಊರಿಗೆ ಎಷ್ಟು ದೂರ ಎಂದು ಫೋನಿನಲ್ಲಿ ನೋಡುವ ಚಟ ನನಗೆ. ಹೋಗುವ ಯೋಚನೆಯೇನೂ ಇರುವುದಿಲ್ಲ. ಕುಂದಾ ಬೆಟ್ಟದ ಮೇಲಿನ ನಮ್ಮ ಹಟ್ಟಿಯಿಂದ ಊಟಿಗೆ ಹೋಗಿಬರುವಷ್ಟರಲ್ಲೇ ಸೊಂಟ ಬಿದ್ದುಹೋಗುತ್ತದೆ. "ಕೆಲಸವಿಲ್ಲದ ಆಚಾರಿ ಮಗುವಿನ ಕುಂಡಿ ಕೆತ್ತಿದನಂತೆ" ಎಂದು ಅಮ್ಮ ಬೈಯುತ್ತಿದ್ದರು.

ಆ ಚಟಕ್ಕೆ ಒಮ್ಮೆ ಕೆಲಸ ಸಿಕ್ಕಿತು. ತಂಗಿ ಚೊಚ್ಚಲ ಬಸುರಿ, ತವರಿನಲ್ಲಿದ್ದಳು. ಅವಳ ಗಂಡ ಸೈನಿಕ, ಕಾರ್ಗಿಲ್‌ನಲ್ಲಿದ್ದ. ನಮ್ಮವರಲ್ಲಿ ಏಳನೇ ತಿಂಗಳಲ್ಲಿ ಗಂಡ ನೆಂಟರ ಮುಂದೆ ಮಾವನ ಅಪ್ಪಣೆ ಕೇಳಿ, ಹೆಂಡತಿಯ ಕೊರಳಿಗೆ ಕಣ್ಣಿ ಎಂಬ ದಾರ ಕಟ್ಟಬೇಕು. ಮದುವೆ ಪೂರ್ತಿಯಾಗುವುದು ಆಗಲೇ ಎಂಬುದು ಹಿರಿಯರ ಲೆಕ್ಕ.

ಯಾವಾಗ ಬರುತ್ತೀಯ ಎಂದು ಅಳಿಯನನ್ನು ಕೇಳಲು ಅಪ್ಪನಿಗೆ ಗತ್ತು ಅಡ್ಡ ಬಂತು. ನನ್ನನ್ನು ಕೇಳಿದರು. ಶುಕ್ರವಾರದಿಂದ ಅವನಿಗೆ ರಜೆ ಎಂದು ತಂಗಿ ಹೇಳಿದ್ದಳು. ನಾನು ಫೋನು ನೋಡಿದೆ. ಕಾರ್ಗಿಲ್‌ನಿಂದ ಲೇಹ್‌ಗೆ ವಿಮಾನದಲ್ಲಿ ಅರ್ಧ ಗಂಟೆ. ಅಲ್ಲಿಂದ ದೆಹಲಿ, ಆಮೇಲೆ ಕೊಯಮತ್ತೂರು.

"ಶುಕ್ರವಾರ ಹೊರಟರೆ ಶನಿವಾರ ಸಂಜೆ ಇಲ್ಲಿರ್ತಾನೆ, ಅಪ್ಪ" ಎಂದೆ.

ಚಹಾ ಎಲೆ ಕೊಯ್ಲಿಲ್ಲದ ಭಾನುವಾರಕ್ಕೆಂದು ಅಪ್ಪ ಸುತ್ತಲ ಹಟ್ಟಿಗಳಿಗೆಲ್ಲ ಹೇಳಿಕಳಿಸಿದರು. ಶುಕ್ರವಾರ ತಂಗಿಗೆ "ಹೊರಟೆ" ಎಂಬ ಒಂದೇ ಮಾತು ಬಂತು. ಆಮೇಲೆ ಅವನ ಫೋನು ಸಿಗಲಿಲ್ಲ.

ಭಾನುವಾರ ಅಂಗಳ ತುಂಬಿತು, ಅನ್ನ ಬೆಂದಿತು, ಅಳಿಯನಿಲ್ಲ. ಎಲ್ಲರೂ ರಸ್ತೆ ನೋಡುತ್ತಿದ್ದರೆ ನನ್ನ ತಲೆಯಲ್ಲಿ ಬೇರೆಯೇ ಹುಳು. ಅರ್ಧ ಗಂಟೆಯ ದಾರಿ ಎಲ್ಲಿ ತಪ್ಪಿತು? ಹಿತ್ತಲಿಗೆ ಹೋಗಿ, ನನಗೆ ಗೊತ್ತಿರುವ ದಾರಿಯೇ ಆಗಲಿ ಎಂದು, ಮಸಿನಗುಡಿಯಿಂದ ಊಟಿಗೆ ಎಷ್ಟು ಎಂದು ನೋಡಿದೆ. ವಿಮಾನದಲ್ಲಿ ಕೆಲವೇ ನಿಮಿಷ ಎಂದಿತು! ಮಸಿನಗುಡಿಯಲ್ಲಿ ಆನೆ ಓಡಾಡುತ್ತದೆ, ವಿಮಾನ ಎಲ್ಲಿಂದ ಬರಬೇಕು? ಆ ದಾರಿಯ ಕಲ್ಲಹಟ್ಟಿ ಘಾಟಿಯ ಮೂವತ್ತಾರು ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡವಳು ನಾನು. ಆಗ ಹೊಳೆಯಿತು. ಈ ಫೋನು ಎರಡು ಊರಿನ ನಡುವೆ ಗೆರೆ ಎಳೆದು ವಿಮಾನದ ವೇಗದಿಂದ ಭಾಗಿಸುತ್ತದೆ, ಅಷ್ಟೆ. ವಿಮಾನ ಇದೆಯೋ ಇಲ್ಲವೋ ಅದಕ್ಕೇನು? ನಗು ಬಂತು, ಅದರ ಬೆನ್ನಿಗೇ ಭಯವಾಯಿತು. ಹಾಗಾದರೆ ಅವನು ಹಿಮದ ರಸ್ತೆಯಲ್ಲಿದ್ದಾನೆ.

ಒಳಗೆ ದೊಡ್ಡಮ್ಮ ದಾರಿ ಹುಡುಕಿದ್ದರು. ಫೋನು ಸಿಕ್ಕಾಗ ಅವನು ಅಪ್ಪಣೆ ಕೇಳಲಿ, ದಾರವನ್ನು ಅವನ ತಾಯಿ ಕಟ್ಟಲಿ ಎಂದರು. ಕೆಲವರು ಹೌದೆಂದು ತಲೆಯಾಡಿಸಿದರು.

"ಬೇಡ ದೊಡ್ಡಮ್ಮ, ಅವರೇ ಕಟ್ಟಬೇಕು" ಎಂದಳು ತಂಗಿ. "ತಿಂಗಳು ಮೀರಿದರೂ ಮೀರಲಿ." ಅವಳು ಹಿರಿಯರಿಗೆ ಎದುರಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನೆಂಟರು ಉಂಡು ಹೋದರು. ಅವಳು ಊಟ ಮುಟ್ಟಲಿಲ್ಲ.

ಬುಧವಾರ ಮಧ್ಯಾಹ್ನ ಅವನು ಬಂದ. ಹಿಮ ಬಿದ್ದು ರಸ್ತೆ ಮುಚ್ಚಿತ್ತಂತೆ, ಲಾರಿಯಲ್ಲಿ ಸಿಕ್ಕಿಕೊಂಡಿದ್ದನಂತೆ. ಮುಖದ ಚರ್ಮ ಸುಲಿದಿತ್ತು. ಅಂಗಳದಲ್ಲಿ ನಾವು ಮನೆಯವರಷ್ಟೇ ಇದ್ದೆವು. ಬ್ಯಾಗು ಇಳಿಸುವ ಮೊದಲೇ ಕೇಳಿದ:

"ಮಾಮ, ನಿಮ್ಮ ಮಗಳ ಕೊರಳಿಗೆ ಕಣ್ಣಿ ಹಾಕಲಾ?"

"ಹಾಕಪ್ಪ" ಎನ್ನುತ್ತ ಅಪ್ಪ ತಾವೇ ಅವನ ಬ್ಯಾಗು ಇಳಿಸಿಕೊಂಡರು.

ಅವನು ದಾರ ಹಿಡಿದ. ಚಳಿಗೆ ಸಿಕ್ಕಿ ಊದಿದ ಬೆರಳುಗಳು ಬಾಗಲಿಲ್ಲ, ಗಂಟು ಜಾರುತ್ತಲೇ ಇತ್ತು. ಸಹಾಯಕ್ಕೆಂದು ನಾನು ಕೈ ಚಾಚಿದೆ. ತಂಗಿ ನನ್ನ ಕೈ ಸರಿಸಿ, ಅವನ ಎರಡೂ ಕೈಗಳನ್ನು ತನ್ನ ಕತ್ತಿಗೆ ಒತ್ತಿಕೊಂಡಳು, ಬೆಚ್ಚಗಾಗಲಿ ಎಂದು.