ನನ್ನ ಹೆಂಡತಿಯ ಅಣ್ಣ

ಮಾರುತಿಯ ಹೆಬ್ಬೆರಳು ರೇಷನ್ ಅಂಗಡಿಯ ಯಂತ್ರಕ್ಕೆ ಹತ್ತುತ್ತಿರಲಿಲ್ಲ. ಸುಣ್ಣ, ಸಿಮೆಂಟು, ಮರಳು ಎಲ್ಲ ಸೇರಿ ಬೆರಳಿನ ಗೆರೆಗಳನ್ನು ತಿಂದು ಹಾಕಿದ್ದವು. ತಲೆಗೂದಲಿಗೆ ಒರೆಸಿ ಒತ್ತಿದ, ಧೋತರದ ಚುಂಗಿಗೆ ತಿಕ್ಕಿ ಒತ್ತಿದ. ಯಂತ್ರ ಕೆಂಪು ದೀಪ ತೋರಿಸುತ್ತಲೇ ಇತ್ತು. ಹಿಂದೆ ಪಾಳಿಯಲ್ಲಿ ನಿಂತವರು ಗೊಣಗತೊಡಗಿದರು. ಆತ ನನ್ನ ಕಡೆ ತಿರುಗಿ, "ನೋಡ್ರಿ ಬೀಗರ, ನಾ ಹುಟ್ಟೇ ಇಲ್ಲಂತ ಮಷೀನ್ ಹೇಳಾಕತ್ತೈತಿ" ಎಂದು ಗಟ್ಟಿಯಾಗಿ ನಕ್ಕ. ಪಾಳಿಯಲ್ಲಿದ್ದವರೂ ನಕ್ಕರು.

ನಿಪ್ಪಾಣಿಯಿಂದ ಚಿಕ್ಕೋಡಿಗೆ ಮರಳಿ ಬಂದು ಇದನ್ನು ನನ್ನ ಹೆಂಡತಿ ಸುವರ್ಣಾಗೆ ಹೇಳಿದೆ. ಅವಳು ನಗಲಿಲ್ಲ. ಮುಂದಿನ ರವಿವಾರ ಅಣ್ಣ ಬಂದಾಗ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು ಆತನ ಎದುರಿಗೆ ಕೂತಳು. ಆ ಬಿರಿದ ಅಂಗೈಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳಿಗೆ ತಿಕ್ಕಿದಳು. ಆತ ಕಣ್ಣು ಮುಚ್ಚಿ ಕೂತಿದ್ದ. ನಾನು ಪೇಪರು ಹಿಡಿದಿದ್ದೆ, ಓದುತ್ತಿರಲಿಲ್ಲ. ಸೊಸಾಯಿಟಿಯಲ್ಲಿ ಕಾರಕೂನನಾಗಿ ಪೆನ್ನು ಹಿಡಿದ ನನ್ನ ಕೈಗಳು ಮೆತ್ತಗಿದ್ದವು. ಅವಕ್ಕೂ ಎಣ್ಣೆ ಬೇಕಾದೀತು ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ.

ನನಗೆ ಆತನ ಮೇಲೆ ಹೊಟ್ಟೆಕಿಚ್ಚು. ಆತ ತೀರಿಕೊಂಡು ಎರಡು ವರ್ಷವಾದರೂ ಅದು ಪೂರ್ತಿ ಆರಿಲ್ಲ.

ಅವರದು ತಲೆಮಾರಿನಿಂದ ಗೌಂಡಿಗಳ ಮನೆತನ. ಅಜ್ಜ ಕೃಷ್ಣೆಯ ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆ ಕಟ್ಟುತ್ತಿದ್ದನಂತೆ. ಹೊಳೆ ಏರಿದಾಗ ಗೋಡೆ ಕುಸಿಯುತ್ತಿತ್ತು, ಹೊಳೆ ಇಳಿದ ಮೇಲೆ ಮತ್ತೆ ಆತನಿಗೇ ಕರೆ. "ನಮ್ಮಜ್ಜಗ ಹೊಳಿನ ಕೆಲಸಾ ಕೊಡ್ತಿತ್ತ್ರಿ" ಎನ್ನುತ್ತಿದ್ದ ಮಾರುತಿ. ಅಪ್ಪ ಕಲ್ಲಿನ ಕೆಲಸ ಕಲಿತ. ಯಡೂರಿನಲ್ಲಿ ಒಂದು ಮನೆಯ ಮಾಳಿಗೆ ಏರಿಸುವಾಗ ಅಟ್ಟಣಿಗೆ ಮುರಿದು, ಮೇಲಿಂದ ಬಿದ್ದು ತೀರಿಕೊಂಡ. ಆಮೇಲೆ ತಾಯಿ ಎರಡು ಮಕ್ಕಳನ್ನು ಕಟ್ಟಿಕೊಂಡು ನಿಪ್ಪಾಣಿಗೆ ಬಂದು ತಂಬಾಕಿನ ವಖಾರಿಯಲ್ಲಿ ಕೆಲಸ ಹಿಡಿದಳು. ಸಂಜೆ ಬಂದು ಸೀರೆ ಝಾಡಿಸಿದರೆ ಮಕ್ಕಳಿಬ್ಬರೂ ಸೀನಿ ಸೀನಿ ನಗುತ್ತಿದ್ದರಂತೆ.

ತಾಯಿ ನಸುಕಿನಲ್ಲೇ ಹೋಗಿಬಿಡುತ್ತಿದ್ದುದರಿಂದ ತಂಗಿಗೆ ಜಡೆ ಹಾಕುವುದು ಮಾರುತಿಯ ಪಾಲಿಗೆ ಬಂತು. ಆಗಲೇ ಸಾಲಿ ಬಿಟ್ಟು ಗಾರೆ ಕಲಸಲು ಹೋಗುತ್ತಿದ್ದ. ಆತ ಹಾಕಿದ ಸೊಟ್ಟ ಜಡೆ ನೋಡಿ ಸಾಲಿಯಲ್ಲಿ ಹುಡುಗಿಯರು ನಕ್ಕರಂತೆ. ಅವತ್ತೇ ಸಂಜೆ ಓಣಿಯ ಒಬ್ಬ ಮುದುಕಿಯ ಎದುರು ಕೂತು, ನಾರಿನ ಹಗ್ಗ ಬಿಚ್ಚಿ, ಜಡೆ ಹೆಣೆಯುವುದನ್ನು ಕಲಿತು ಬಂದ. ಸುವರ್ಣಾ ಈ ಕಥೆಯನ್ನು ನನ್ನ ಮಕ್ಕಳಿಗೆ ಹೇಳುವಾಗ ಅವಳ ಮುಖ ನೋಡಬೇಕು. ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ಯಾವ ಮಾತಿಗೂ ಆ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿಲ್ಲ.

ತಂಗಿಯನ್ನು ಬಿ.ಎ. ಓದಿಸಿದ. ಅವಳ ಮದುವೆಯಾಗುವ ತನಕ ತಾನು ಮದುವೆಯ ಮಾತೆತ್ತಲಿಲ್ಲ. ಆತನ ಹೆಂಡತಿ, ಸುವರ್ಣಾಳ ವೈನಿ, ಮನೆಗೆ ಬಂದದ್ದು ಆಮೇಲೆಯೇ; ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದಳು. ನಮ್ಮ ಮದುವೆಯ ದಿನ ಊಟಕ್ಕೆ ಕರೆದರೆ, "ಹಸಿವಿಲ್ರಿ ಬೀಗರ" ಎಂದು ಎಲ್ಲರಿಗೂ ಬಡಿಸುತ್ತ ಓಡಾಡಿದ. ಸುವರ್ಣಾಳೂ ಅವತ್ತು ಉಣ್ಣಲಿಲ್ಲ. ಮದುಮಗ ನಾನೊಬ್ಬನೇ ಹೊಟ್ಟೆ ತುಂಬ ಉಂಡವನು.

ಚಿಕ್ಕೋಡಿಯಲ್ಲಿ ಜಾಗ ತೆಗೆದುಕೊಂಡಾಗ ಮನೆಯನ್ನು ಆತನೇ ಕಟ್ಟಿದ. ಅಡಿಗೆಮನೆಯ ಗೋಡೆ ಏಳುತ್ತಿದ್ದ ದಿನ ತಂಗಿಯನ್ನು ಕರೆದು ನಿಲ್ಲಿಸಿದ.

"ಸುವರ್ಣಾ, ರೊಟ್ಟಿ ಬಡಿಯೋ ಹಂಗ ಕೈ ಮಾಡ ನೋಡೂಣು."

ಅವಳು ಸಣ್ಣ ಹುಡುಗಿಯಂತೆ ಗಾಳಿಯಲ್ಲಿ ರೊಟ್ಟಿ ಬಡಿದಳು. ಆತ ಮೊಳೆಯಿಂದ ಗೋಡೆಯ ಮೇಲೆ ಗೆರೆ ಎಳೆದ. ಕಟ್ಟೆ ಅಷ್ಟೇ ಎತ್ತರಕ್ಕೆ. "ಇನ್ನ ಡಬ್ಬಿ ತಗಿಯೋ ಹಂಗ ಕೈ ಮಾಡ" ಎಂದ. ಅವಳ ಬೆರಳ ತುದಿಗೆ ಇನ್ನೊಂದು ಗೆರೆ. ಡಬ್ಬಿಗಳ ಹಲಗೆ ಅಲ್ಲಿಗೆ.

ನಾನು ತಡೆಯಲಾರದೆ, "ಮಾರುತಿಯವ್ರ, ಆ ಅಡಗಿಮನ್ಯಾಗ ನಾನೂ ಅಡ್ಡಾಡಾಂವ. ನನ್ನ ಎತ್ತರಾನೂ ಒಂಚೂರ ನೋಡ್ರಿ" ಎಂದೆ.

"ನೀವಲ್ಲಿ ಎಷ್ಟೊತ್ತ ನಿಂದ್ರತೀರಿ ಬೀಗರ? ನೀರ ಕುಡಿಯೂತನಾ. ಅಕಿ ಜಲ್ಮ ಪೂರ್ತಿ ನಿಂದ್ರಾಕಿ" ಎಂದು ಮತ್ತೆ ಕೆಲಸಕ್ಕೆ ಬಾಗಿದ.

ಇಂದಿಗೂ ನೀರು ಕುಡಿಯಲು ಹೋದಾಗ ಆ ಹಲಗೆ ನನ್ನ ಹಣೆಗೆ ಬಡಿಯುತ್ತದೆ. ಗೇಟಿನ ಮೇಲೆ ನನ್ನ ಹೆಸರಿನ ಹಲಗೆ ಇದೆ. ಆದರೆ ಓಣಿಯಲ್ಲಿ ವಿಳಾಸ ಕೇಳಿದರೆ, "ಮಾರುತಿ ಗೌಂಡಿ ಕಟ್ಯಾನಲ್ಲ, ಆ ಮನಿ" ಎನ್ನುತ್ತಾರೆ.

ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ನಡೆದದ್ದು ಮೀರಜಿನ ದವಾಖಾನೆಯಲ್ಲಿ. ನನ್ನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಆದ ಮೇಲೆ ಅವಳನ್ನು ಎತ್ತಿ ಹೊರಳಿಸಬೇಕಿತ್ತು. ನಾನು ಕೈ ಹಚ್ಚಿದರೆ ಚೀರುತ್ತಿದ್ದಳು. "ನೀ ಬ್ಯಾಡೋ, ಮಾರುತೀನ್ನ ಕರಿ" ಎಂದು ಹಟ ಹಿಡಿದಳು.

ಆತ ಕೆಲಸ ಬಿಟ್ಟು ಬಂದ. ತಲೆಯಲ್ಲಿ ಇನ್ನೂ ಸಿಮೆಂಟಿನ ಧೂಳಿತ್ತು. ಕೈ ತೊಳೆದುಕೊಂಡು, ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕಾಲಿನ ಕೆಳಗೆ ಕೊಟ್ಟು ಎತ್ತಿದ. ಅವ್ವ ಪಿಟ್ಟೆನ್ನಲಿಲ್ಲ. ಪಕ್ಕದ ಹಾಸಿಗೆಯ ಹೆಂಗಸಿಗೆ, "ಇಂವಾ ನನ್ನ ಹೊಟ್ಟ್ಯಾಗ ಹುಟ್ಟಬೇಕಿತ್ತ ನೋಡವಾ" ಎಂದಳು. ನಾನು ಔಷಧದ ಚೀಲ ಹಿಡಿದು ಅಲ್ಲೇ ನಿಂತಿದ್ದೆ.

ಹೊರಗೆ ಚಹಾದ ಅಂಗಡಿಯಲ್ಲಿ ಕೂತಾಗ ಕೇಳಿಯೇಬಿಟ್ಟೆ. "ಹೆಂಡ್ತಿ ಮೊದ್ಲಿಂದ ನಿಮ್ಮಾಕಿನ. ಮಕ್ಕಳು ಮುಂಜಾನಿ ಎದ್ರ ಮಾಮಾ ಮಾಮಾ ಅಂತಾವ. ಇನ್ನ ನಮ್ಮವ್ವನ್ನೂ ನೀವ ತೊಗೊಂಡ್ರ ನನಗೇನ ಉಳೀತರಿ?" ಚೇಷ್ಟೆ ಮಾಡುವವನಂತೆ ಶುರು ಮಾಡಿದ್ದೆ. ಮಾತು ಮುಗಿಯುವುದರೊಳಗೆ ದನಿ ಒಡೆಯಿತು.

ಆತ ಚಹಾದ ಗ್ಲಾಸು ಕೆಳಗಿಟ್ಟ. 

"ನಮ್ಮಪ್ಪ ಬಿದ್ದಾಗ ನಾ ಅಲ್ಲೇ ಕೆಳಗ ನಿಂತಿದ್ನಿರಿ ಬೀಗರ. ಜೀವಾ ಇನ್ನಾ ಇತ್ತು. 'ಮಾರುತಿ, ಎತ್ತೋ' ಅಂದ. ನಾ ಸಣ್ಣಾಂವ, ಎತ್ತಾಕ ಆಗ್ಲಿಲ್ಲ. ಮಂದಿ ಬರೂದ್ರಾಗ ಮುಗದಿತ್ತು. ಅವತ್ತಿಂದ ಯಾರರ ಬಿದ್ದಾರಂದ್ರ ನನ್ನ ಕೈ ಸುಮ್ಮ ಇರೂದಿಲ್ರಿ. ನಿಮ್ಮದೇನೂ ನಾ ತೊಗೊಂಡಿಲ್ಲ."

ಇದನ್ನು ಆತ ಸುವರ್ಣಾಗೂ ಹೇಳಿರಲಿಲ್ಲ. 

ಮರುದಿನ ಮುಂಜಾನೆ ಅವ್ವನ ಹಾಸಿಗೆಯ ಹತ್ತಿರ ನನ್ನನ್ನು ಮುಂದೆ ತಳ್ಳಿದ. "ಇವತ್ತ ನೀವ ಎತ್ರಿ. ಅಂಜಬ್ಯಾಡ್ರಿ, ನಾ ಹಿಂದ ಅದೇನಿ. ನೀವು ಅಂಜಿದ್ರ ಅವ್ರಿಗೆ ನೋವಾಗತೈತಿ." ಆತನಂತೆಯೇ ಬೆನ್ನಿಗೂ ಮೊಣಕಾಲಿನ ಕೆಳಗೂ ಕೈ ಕೊಟ್ಟು ಎತ್ತಿದೆ. ಅವ್ವ ನರಳಿದಳು, ಆಮೇಲೆ ನನ್ನ ಕುತ್ತಿಗೆಗೆ ಕೈ ಹಾಕಿ ಬಿಗಿಯಾಗಿ ಹಿಡಿದುಕೊಂಡಳು. ತಿರುಗಿ ನೋಡಿದರೆ ಆತ ಇರಲಿಲ್ಲ. ನಿಪ್ಪಾಣಿಯ ಬಸ್ಸು ಹಿಡಿದು ಹೋಗಿಬಿಟ್ಟಿದ್ದ. ಅಲ್ಲಿಂದ ಅವ್ವ ಇರುವ ತನಕ ನಾನೇ ಅವಳನ್ನು ಎತ್ತಿದೆ. ನನ್ನ ಅವ್ವನನ್ನು ನನಗೆ ಕೊಟ್ಟವನೂ ಈತನೇ ಆಗಬೇಕಿತ್ತೇ ಎಂದು ಅದಕ್ಕೂ ಒಳಗೊಳಗೇ ಉರಿದೆ.

ಆತ ತೀರಿಕೊಂಡದ್ದು ಕೆಲಸದ ಮೇಲೆಯೇ. ಸದಲಗಾದಲ್ಲಿ ಒಂದು ಮನೆಯ ಕೆಲಸ ನಡೆದಿತ್ತು. ಮಧ್ಯಾಹ್ನ ಬುತ್ತಿ ಉಂಡು, ತಾನೇ ಕಟ್ಟಿದ ಗೋಡೆಯ ನೆರಳಿಗೆ ಒರಗಿ ಕೂತವನು ಮತ್ತೆ ಏಳಲಿಲ್ಲ. ಜೊತೆಯವರು ನಿದ್ದೆ ಹತ್ತಿದೆ ಎಂದುಕೊಂಡರಂತೆ.

ಸುವರ್ಣಾ ಹೆಣದ ಮೇಲೆ ಬಿದ್ದು, "ನನ್ನ ತವರ ಹೋತಲ್ಲೋ ಅಣ್ಣಾ" ಎಂದು ಅತ್ತ ಅಳು ಇನ್ನೂ ನನ್ನ ಕಿವಿಯಲ್ಲಿದೆ. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ಅವಳಿಗೆ ಅದರ ಅರಿವೇ ಇರಲಿಲ್ಲ. ನನ್ನ ಕಣ್ಣಲ್ಲೂ ನೀರಿತ್ತು. ಆದರೂ ಆ ಹೊತ್ತಿನಲ್ಲಿ ಬರಬಾರದ ಒಂದು ವಿಚಾರ ಬಂತು: ನಾಳೆ ನಾನು ಹೋದರೆ ಇವಳು ಹೀಗೆ ಅತ್ತಾಳೆಯೇ?

ಮುಂದೆ ನಾಗರ ಪಂಚಮಿ ಬಂತು. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಮಾರುತಿ ತನ್ನ ಮೋಟರ್‌ಸೈಕಲ್ ತಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗುತ್ತಿದ್ದ. ಆ ವರ್ಷ ಅವಳು ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದಳು. ಬಾಗಿಲ ಕಡೆ ತಲೆ ಎತ್ತಿ ನೋಡಲಿಲ್ಲ.

ನಾನು ಗಾಡಿ ಹೊರಗೆ ತೆಗೆದೆ. "ನಡಿ, ನಿಪ್ಪಾಣಿಗೆ ಹೋಗೂಣು."

"ಅಲ್ಲಿ ಯಾರದಾರ ಈಗ?"

"ನಿಮ್ಮ ವೈನಿ ಒಬ್ಬಾಕಿನ ಕುಂತಾಳ. ಉಂಡಿ ಕಟಗೋ, ನಡಿ."

ರಸ್ತೆಯ ಎರಡೂ ಬದಿಗೆ ಕಬ್ಬು. ಹನಿಹನಿ ಮಳೆ. ಯಾವಾಗಲೂ ಸೀಟಿನ ಹಿಂದಿನ ಕಬ್ಬಿಣದ ಸಳಿ ಹಿಡಿದು ಕೂರುತ್ತಿದ್ದವಳು ಅವತ್ತು ನನ್ನ ಬೆನ್ನಿಗೆ ಹಣೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಅಂಗಿ ಬೆಚ್ಚಗೆ ತೋಯ್ದಿತು. ಈ ಅಳು ಯಾರಿಗಾಗಿ ಎಂದು ಗೊತ್ತಿದ್ದೂ, ನನ್ನ ಬೆನ್ನಿಗೆ ಬಂತಲ್ಲ ಎಂದು ಸುಮ್ಮನೆ ಗಾಡಿ ಹೊಡೆಯುತ್ತಿದ್ದೆ.

"ಸಾವಕಾಶ ಹೊಡೀರಿ" ಎಂದಳು ಹಿಂದಿನಿಂದ. "ಅಣ್ಣ ಹಿಂಗ ಭಡಭಡ ಹೊಡೀತಿರ್ಲಿಲ್ಲ."

 ಗಾಡಿ ಸಾವಕಾಶ ಮಾಡಿದೆ. ನಿಪ್ಪಾಣಿ ಮುಟ್ಟುವ ತನಕ ಹಾಗೆಯೇ ಹೊಡೆದೆ.